ಕಾಲಿಗೆ ವಿಶ್ರಾಂತಿ, ಕಣ್ಣಿಗಲ್ಲ: ಹೆದ್ದಾರಿಯಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್

ಗುಜರಾತಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಲ್ಲಿ ಬಹುಮಂದಿಗೆ ಊರಿನ ದಾರಿ ಎಂದರೆ ರಾಷ್ಟ್ರೀಯ ಹೆದ್ದಾರಿ 48. ಅಹಮದಾಬಾದಿನಿಂದ ವಡೋದರಾ, ಭರೂಚ್, ಸೂರತ್, ವಾಪಿಗಳ ಮಾರ್ಗವಾಗಿ ಮುಂಬಯಿ ಸೀಮೆಯನ್ನು ಹಾದು, ಪುಣೆ, ಸಾತಾರಾ, ಕೊಲ್ಲಾಪುರಗಳನ್ನು ದಾಟಿ ನಿಪ್ಪಾಣಿಯ ಬಳಿ ಕರ್ನಾಟಕವನ್ನು ಪ್ರವೇಶಿಸುವ ಈ ರಸ್ತೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಪೋಣಿಸಿಕೊಂಡು ಬೆಂಗಳೂರನ್ನು ಸೇರುತ್ತದೆ. 2010ರಲ್ಲಿ ಹೊಸ ಸಂಖ್ಯಾಕ್ರಮ ಬರುವ ಮೊದಲು ಇದರ ಉತ್ತರದ ಭಾಗ 8 ಎಂದೂ ದಕ್ಷಿಣದ ಭಾಗ 4 ಎಂದೂ ಕರೆಯಲ್ಪಡುತ್ತಿದ್ದವು. ಕರಾವಳಿಯ ಬಂಧುಗಳು ಪನ್ವೇಲಿನಲ್ಲಿ ಕವಲೊಡೆದು ಹೆದ್ದಾರಿ 66ನ್ನು ಹಿಡಿಯುತ್ತಾರೆ. ಅಲ್ಲಿಯವರೆಗೆ ಅವರಿಗೂ ಇದೇ ದಾರಿ.

ಒಂದು ಕಾಲದಲ್ಲಿ ನಾವೆಲ್ಲ ಊರಿಗೆ ಹೋಗುತ್ತಿದ್ದುದು ರೈಲಿನಲ್ಲಿ. ಬ್ಯಾಂಕಿನ ರಜೆ ಮಂಜೂರಾಗುವುದಕ್ಕಿಂತ ರೈಲಿನ ಟಿಕೆಟ್ ಖಚಿತವಾಗುವುದೇ ಕಷ್ಟವೆಂದು ಹೇಳಿ ನಗುತ್ತಿದ್ದೆವು. ಈಗ ಅನೇಕ ಕುಟುಂಬಗಳು ಬೇಸಿಗೆಯಲ್ಲೋ ದೀಪಾವಳಿಯಲ್ಲೋ ತಮ್ಮ ಕಾರಿನಲ್ಲೇ ಹೊರಡುತ್ತವೆ. ಅಹಮದಾಬಾದಿನಿಂದ ಬೆಂಗಳೂರಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಇಷ್ಟು ದೀರ್ಘವಾದ ಹಾದಿಯಲ್ಲಿ ಬಲಗಾಲಿಗೆ ಬಿಡುವು ಕೊಡುವ ಒಂದು ಸೌಲಭ್ಯ ಇತ್ತೀಚಿನ ಕಾರುಗಳಲ್ಲಿ ಬಂದಿದೆ. ಅದರ ಹೆಸರು ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ಮುಂದಿರುವ ವಾಹನ ನಿಧಾನವಾದರೆ ನಮ್ಮ ಕಾರನ್ನು ತಾನೇ ನಿಧಾನಿಸಿ, ಅದು ವೇಗ ಹೆಚ್ಚಿಸಿದರೆ ತಾನೂ ಹೆಚ್ಚಿಸುವ ವ್ಯವಸ್ಥೆ ಇದು.

ನಾವು ಯಂತ್ರಶಾಸ್ತ್ರ ಓದಿದವರಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು ಮೂರು ದಶಕಗಳಿಂದ ಬ್ಯಾಂಕಿನಲ್ಲಿ ದುಡಿಯುತ್ತಿರುವವರು. ಆದರೂ ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಕಾರಣವಿದೆ.

ಒಂದು ಸಂಜೆಯ ಪಾಠ

ಕಳೆದ ದೀಪಾವಳಿಗೆ ಕೆಲವು ದಿನ ಮೊದಲು ವಡೋದರಾದ ಮಿತ್ರರ ಮನೆಯಿಂದ ಅಹಮದಾಬಾದಿಗೆ ಎಕ್ಸ್‌ಪ್ರೆಸ್ ವೇಯಲ್ಲಿ ಹಿಂದಿರುಗುತ್ತಿದ್ದೆವು. ಕಾರು ಹೊಸದು, ವ್ಯವಸ್ಥೆಯ ಅಭ್ಯಾಸವಾಗಿ ಎರಡು ತಿಂಗಳಾಗಿತ್ತು. ವೇಗವನ್ನು ಗಂಟೆಗೆ 90 ಕಿಲೋಮೀಟರಿಗೆ ಹೊಂದಿಸಿದ್ದೆವು. ಮುಂದೊಂದು ವ್ಯಾನು 80ರ ಆಸುಪಾಸಿನಲ್ಲಿ ಹೋಗುತ್ತಿದ್ದುದರಿಂದ ನಮ್ಮ ಕಾರೂ 80ಕ್ಕೆ ಇಳಿದು ವಿಧೇಯವಾಗಿ ಹಿಂಬಾಲಿಸುತ್ತಿತ್ತು. ಮುಸ್ಸಂಜೆಯ ಮಬ್ಬು. ಕಾಲು ಚಾಚಿ ಕುಳಿತು ಮಾತಿನಲ್ಲಿ ಮುಳುಗಿದ್ದೆವು.

ಆ ವ್ಯಾನು ಇದ್ದಕ್ಕಿದ್ದಂತೆ ಬಲಪಥಕ್ಕೆ ಹೊರಳಿತು. ಎದುರಿನ ದಾರಿ ತೆರವಾಯಿತೆಂದು ಭಾವಿಸಿದ ನಮ್ಮ ಕಾರು, ಹೊಂದಿಸಿದ್ದ 90ನ್ನು ಮುಟ್ಟಲು ವೇಗವನ್ನು ಹೆಚ್ಚಿಸತೊಡಗಿತು. ಅಷ್ಟರಲ್ಲಿ ಪಕ್ಕದಿಂದ ಮನೆಯಾಕೆ, "ರೀ, ಲಾರಿ ನಿಂತಿದೆ!" ಎಂದು ಕೂಗಿದರು. ನಮ್ಮ ಪಥದಲ್ಲಿಯೇ ಕೆಟ್ಟು ನಿಂತ ಲಾರಿಯೊಂದು, ಹಿಂಬದಿ ದೀಪವಿಲ್ಲದೆ, ಎಚ್ಚರಿಕೆಗೆಂದು ಒಂದು ಜಾಲಿಯ ಕೊಂಬೆಯನ್ನು ಮಾತ್ರ ಹಿಂದೆ ಇರಿಸಿಕೊಂಡು ನಿಂತಿತ್ತು. ಚಾಚಿದ್ದ ಕಾಲು ಬ್ರೇಕನ್ನು ಹುಡುಕಿಕೊಂಡು ಹೋಗಿ ಒತ್ತುವಷ್ಟರಲ್ಲಿ ಎಷ್ಟು ದೂರ ಸಾಗಿದ್ದೆವೋ ತಿಳಿಯದು. ಹಿಂದಿನ ಸೀಟಿನ ಮೇಲಿದ್ದ ತಿಂಡಿಯ ಡಬ್ಬಿ ಕೆಳಗುರುಳಿತು. ಲಾರಿ ಇನ್ನೇನು ಕೈಗೆಟಕುವಷ್ಟು ಹತ್ತಿರವಿರುವಾಗ ಕಾರು ನಿಂತಿತು. ಹಿಂದೆ ಬೇರೆ ವಾಹನವಿರಲಿಲ್ಲವೆಂಬುದು ನಮ್ಮ ಪುಣ್ಯ. ಮನೆ ಮುಟ್ಟುವವರೆಗೂ ಇಬ್ಬರೂ ಮಾತನಾಡಲಿಲ್ಲ.

ಮರುದಿನ ಮೊದಲ ಬಾರಿಗೆ ಕಾರಿನ ಕೈಪಿಡಿಯನ್ನು ತೆರೆದು ಓದಿದೆವು. ನಿಂತಿರುವ ವಾಹನಗಳನ್ನು ಈ ವ್ಯವಸ್ಥೆ ಗುರುತಿಸದೇ ಇರಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಸಾಲದ ಪತ್ರಕ್ಕೆ ಸಹಿ ಹಾಕುವ ಗ್ರಾಹಕರಿಗೆ, "ಷರತ್ತುಗಳನ್ನು ಓದಿ" ಎಂದು ಮೂವತ್ತು ವರ್ಷ ಉಪದೇಶ ಮಾಡಿದ ನಾವೇ ಅದನ್ನು ಓದಿರಲಿಲ್ಲ.

ಹಳೆಯ ಕ್ರೂಸ್, ಹೊಸ ಕ್ರೂಸ್

ವೇಗವನ್ನು ಸ್ಥಿರವಾಗಿಡುವ ಸಾಮಾನ್ಯ ಕ್ರೂಸ್ ಕಂಟ್ರೋಲ್ ಹೊಸದೇನಲ್ಲ. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅದನ್ನು ರೂಪಿಸಿದವರು. ಅವರ ವಕೀಲರು ಕಾರು ಓಡಿಸುವಾಗ ಮಾತನಾಡುತ್ತಿದ್ದರೆ ನಿಧಾನವಾಗುತ್ತಿದ್ದರಂತೆ, ಕೇಳಿಸಿಕೊಳ್ಳುತ್ತಿದ್ದರೆ ವೇಗ ಹೆಚ್ಚಿಸುತ್ತಿದ್ದರಂತೆ. ಈ ಏರಿಳಿತದಿಂದ ಬೇಸತ್ತ ಟೀಟರರಿಗೆ ಈ ಉಪಾಯ ಹೊಳೆಯಿತೆಂದು ಹೇಳುವುದುಂಟು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಆದರೆ ಆ ವ್ಯವಸ್ಥೆಗೆ ಮುಂದಿನ ವಾಹನದ ಅರಿವಿಲ್ಲ. 80 ಎಂದರೆ 80. ಎದುರಿಗೆ ಏನಿದ್ದರೂ ಅದು ಲೆಕ್ಕಿಸದು.

ಎದುರಿನ ವಾಹನದೊಡನೆ ಅಂತರ ಕಾಯ್ದುಕೊಳ್ಳುವ ಹೊಸ ಬಗೆ 1990ರ ದಶಕದಲ್ಲಿ ಜಪಾನಿನ ಕಾರುಗಳಲ್ಲಿ ಲೇಸರ್ ಕಿರಣದ ಸಹಾಯದಿಂದ ಆರಂಭವಾಯಿತು. 1999ರಲ್ಲಿ ಮರ್ಸಿಡಿಸ್ ಕಂಪನಿ ರಾಡಾರ್ ಬಳಸಿದ ವ್ಯವಸ್ಥೆಯನ್ನು ತಂದಿತು. ನಮ್ಮ ದೇಶದಲ್ಲಿ ಬಹುಕಾಲ ಇದು ಅತಿ ದುಬಾರಿ ವಾಹನಗಳ ಸೊತ್ತಾಗಿತ್ತು. 2020ರಲ್ಲಿ ಬಂದ ಎಂಜಿ ಗ್ಲೋಸ್ಟರಿನಲ್ಲಿ ಈ ಸೌಲಭ್ಯವಿತ್ತು. ಅದು ತಯಾರಾದದ್ದು ವಡೋದರಾಕ್ಕೆ ಸಮೀಪದ ಹಾಲೋಲಿನಲ್ಲಿ ಎಂಬುದು ನಮ್ಮವರಿಗೆ ಕುತೂಹಲದ ಸಂಗತಿ. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700, 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿ, 2023ರಲ್ಲಿ ಹ್ಯುಂಡೈ ವೆರ್ನಾ ಮುಂತಾದವು ಬಂದಮೇಲೆ ಮಧ್ಯಮವರ್ಗದ ಮನೆಯಂಗಳಕ್ಕೂ ಇದು ಕಾಲಿರಿಸಿದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಒಂದೇ ಮಾದರಿಯ ಕಾರಿನ ಕೆಳದರ್ಜೆಯಲ್ಲಿ ಸಾಮಾನ್ಯ ಕ್ರೂಸ್ ಇದ್ದು, ಮೇಲ್ದರ್ಜೆಯಲ್ಲಿ ಮಾತ್ರ ಅಡಾಪ್ಟಿವ್ ಇರುವುದುಂಟು. ಸ್ಟಿಯರಿಂಗಿನ ಮೇಲಿನ ಗುಂಡಿಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಮಗನ ಕಾರನ್ನೋ ಬಾಡಿಗೆಯ ಕಾರನ್ನೋ ಓಡಿಸುವಾಗ, ಅದು ಬ್ರೇಕ್ ಹಾಕುತ್ತದೆಂದು ನಂಬಿ ಕುಳಿತು, ವಾಸ್ತವದಲ್ಲಿ ಅದು ಸಾಮಾನ್ಯ ಕ್ರೂಸ್ ಆಗಿದ್ದರೆ ಗತಿಯೇನು? ಕೈಪಿಡಿಯನ್ನು ನೋಡಿ ಮೊದಲು ಇದನ್ನು ಖಚಿತಪಡಿಸಿಕೊಳ್ಳಬೇಕು. ಅಂತರವನ್ನು ಹೊಂದಿಸುವ ಗುಂಡಿ ಇದೆಯೇ, ಪರದೆಯಲ್ಲಿ ಮುಂದಿನ ವಾಹನದ ಚಿತ್ರವೂ ಅಂತರದ ಗೆರೆಗಳೂ ಕಾಣುತ್ತವೆಯೇ ಎಂಬುದು ಒಂದು ಗುರುತು.

ಯಂತ್ರ ನೋಡುವ ಬಗೆ

ಕಾರಿನ ಮೂತಿಯಲ್ಲಿ, ಜಾಲರಿಯ ಅಥವಾ ಕಂಪನಿಯ ಲಾಂಛನದ ಹಿಂದೆ, ಇಲ್ಲವೇ ಬಂಪರಿನಲ್ಲಿ, ಒಂದು ಪುಟ್ಟ ರಾಡಾರ್ ಇರುತ್ತದೆ. ಅದು ಸುಮಾರು 77 ಗಿಗಾಹರ್ಟ್ಸ್ ಆವರ್ತನದ, ಅಂದರೆ ಸುಮಾರು ನಾಲ್ಕು ಮಿಲಿಮೀಟರ್ ಉದ್ದದ, ರೇಡಿಯೋ ಅಲೆಗಳನ್ನು ಮುಂದಕ್ಕೆ ಕಳುಹಿಸುತ್ತದೆ. ಅಲೆಗಳು ಎದುರಿನ ವಾಹನಕ್ಕೆ ತಗಲಿ ಮರಳಿ ಬರುವ ಸಮಯದಿಂದ ದೂರವನ್ನು ತಿಳಿಯುತ್ತದೆ. ರೈಲಿನ ಸೀಟಿ ಹತ್ತಿರ ಬರುವಾಗ ಕೀರಲಾಗಿಯೂ ದೂರ ಸರಿಯುವಾಗ ದಪ್ಪವಾಗಿಯೂ ಕೇಳಿಸುವುದಲ್ಲವೆ? ಅಲೆಗಳಲ್ಲಾಗುವ ಅಂಥದೇ ವ್ಯತ್ಯಾಸದಿಂದ ಎದುರಿನ ವಸ್ತುವಿನ ವೇಗವನ್ನು ತಿಳಿಯುತ್ತದೆ. ಅನೇಕ ಕಾರುಗಳಲ್ಲಿ ಮುಂಭಾಗದ ಗಾಜಿನ ಮೇಲ್ತುದಿಯಲ್ಲಿ, ಕನ್ನಡಿಯ ಹಿಂದೆ, ಒಂದು ಕ್ಯಾಮೆರಾ ಕೂಡ ಇದ್ದು ಎದುರಿರುವುದು ಕಾರೋ ಲಾರಿಯೋ ಎಂದು ಗುರುತಿಸಲು ನೆರವಾಗುತ್ತದೆ.

ಹಾಗಿದ್ದೂ ನಿಂತ ಲಾರಿ ಏಕೆ ಕಾಣದು? ಕಾರಣ ಸರಳವಾಗಿದೆ. ನಾವು ಚಲಿಸುತ್ತಿರುವಾಗ ರಸ್ತೆಯ ಬದಿಯ ತಡೆಗೋಡೆ, ದಾರಿಫಲಕ, ಮೇಲ್ಸೇತುವೆ, ಮರ, ಕಂಬ ಎಲ್ಲವೂ ನಮ್ಮತ್ತ ಒಂದೇ ವೇಗದಲ್ಲಿ ಬರುತ್ತಿರುವಂತೆ ರಾಡಾರಿಗೆ ತೋರುತ್ತದೆ. ಇವೆಲ್ಲಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಮುಂದೆ ಸಾಗುವಂತೆಯೇ ಇಲ್ಲ. ಆದುದರಿಂದ ನಿಶ್ಚಲ ವಸ್ತುಗಳಿಂದ ಬರುವ ಮಾರ್ದನಿಗೆ ಹೆಚ್ಚು ಬೆಲೆ ಕೊಡದಂತೆ, ಚಲಿಸುತ್ತಿರುವ ವಾಹನವನ್ನು ಮಾತ್ರ ಹಿಂಬಾಲಿಸುವಂತೆ ಈ ವ್ಯವಸ್ಥೆಯನ್ನು ರೂಪಿಸುತ್ತ ಬಂದಿದ್ದಾರೆ. ಕೆಟ್ಟು ನಿಂತ ಲಾರಿಯೂ ಆ ನಿಶ್ಚಲ ವಸ್ತುಗಳ ಗುಂಪಿಗೆ ಸೇರಿಬಿಡುವ ಅಪಾಯವಿದೆ. ಕ್ಯಾಮೆರಾ ಮತ್ತು ರಾಡಾರ್ ಎರಡೂ ಇರುವ ಹೊಸ ವಾಹನಗಳು ಈ ವಿಷಯದಲ್ಲಿ ಸುಧಾರಿಸಿವೆ. ಎದುರಿನ ವಾಹನ ನಮ್ಮ ಕಣ್ಣೆದುರಿಗೇ ನಿಧಾನವಾಗುತ್ತ ನಿಂತರೆ ಅನೇಕ ಕಾರುಗಳು ತಾವೂ ನಿಲ್ಲುತ್ತವೆ. ಆದರೆ ಮೊದಲೇ ನಿಂತಿದ್ದ ವಾಹನ, ಅದೂ ಮುಂದಿನ ಕಾರು ಪಕ್ಕಕ್ಕೆ ಸರಿದಾಗ ಹಠಾತ್ತನೆ ಎದುರಾಗುವ ವಾಹನ, ಇಂದಿಗೂ ಈ ವ್ಯವಸ್ಥೆಗೆ ಕಠಿಣ ಪರೀಕ್ಷೆ. ಆ ಸಂಜೆ ನಮಗಾದದ್ದು ಇದೇ.

ತುರ್ತು ಸಮಯದಲ್ಲಿ ತಾನೇ ಬ್ರೇಕ್ ಹಾಕುವ ಇನ್ನೊಂದು ವ್ಯವಸ್ಥೆ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು ಕ್ರೂಸ್‌ನಿಂದ ಬೇರೆಯಾದದ್ದು, ಕೊನೆಯ ಗಳಿಗೆಯ ರಕ್ಷಕ. ಹೆಚ್ಚಿನ ವೇಗದಲ್ಲಿ ಅದು ಡಿಕ್ಕಿಯ ರಭಸವನ್ನು ಕಡಿಮೆ ಮಾಡಬಹುದೇ ಹೊರತು ಡಿಕ್ಕಿಯನ್ನು ತಪ್ಪಿಸಿಯೇ ತೀರುತ್ತದೆಂಬ ಭರವಸೆಯಿಲ್ಲ.

ನಮ್ಮ ರಸ್ತೆಯಲ್ಲಿ ನಿಂತಿರುವವು

ಈ ಮಿತಿ ಬೇರೆ ದೇಶದಲ್ಲಿ ಸಣ್ಣದೆನಿಸಬಹುದು. ನಮ್ಮಲ್ಲಿ ಅದು ಪ್ರಾಣದ ಪ್ರಶ್ನೆ. 2024ರ ಏಪ್ರಿಲ್ 17ರಂದು ಇದೇ ಅಹಮದಾಬಾದ್-ವಡೋದರಾ ಎಕ್ಸ್‌ಪ್ರೆಸ್ ವೇಯಲ್ಲಿ, ನಡಿಯಾದ್ ಬಳಿ, ಅಹಮದಾಬಾದಿನತ್ತ ಬರುತ್ತಿದ್ದ ಕಾರೊಂದು ನಿಂತಿದ್ದ ಭಾರೀ ವಾಹನದ ಹಿಂಬದಿಗೆ ಅಪ್ಪಳಿಸಿ ಹತ್ತು ಮಂದಿ ಮೃತಪಟ್ಟರು. ಆ ದುರಂತಕ್ಕೂ ಕ್ರೂಸ್ ಕಂಟ್ರೋಲಿಗೂ ಸಂಬಂಧವಿತ್ತೆಂದು ನಾವು ಹೇಳುತ್ತಿಲ್ಲ. ನಿಂತ ವಾಹನ ನಮ್ಮ ಹೆದ್ದಾರಿಯಲ್ಲಿ ಎಷ್ಟು ದೊಡ್ಡ ಅಪಾಯವೆಂಬುದಕ್ಕೆ ಅದು ಸಾಕ್ಷಿ. ನಿಂತ ವಾಹನವನ್ನು ಕಾಣುವುದರಲ್ಲೇ ಈ ಯಂತ್ರ ದುರ್ಬಲವೆಂಬುದನ್ನು ಅದರ ಜೊತೆಗಿಟ್ಟು ನೋಡಿದರೆ ನಮ್ಮ ಮಾತಿನ ತಾತ್ಪರ್ಯ ತಿಳಿಯುತ್ತದೆ.

ಸುಮಾರು 93 ಕಿಲೋಮೀಟರ್ ಉದ್ದದ ಈ ಎಕ್ಸ್‌ಪ್ರೆಸ್ ವೇ 2004ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಎಡವೂ ಬಲವೂ ಬೇಲಿ ಇದೆ. ಇಂಥ ರಸ್ತೆಯಲ್ಲೇ ಈ ಸ್ಥಿತಿಯಾದರೆ ತೆರೆದ ಹೆದ್ದಾರಿಯ ಮಾತೇನು? ಭರೂಚ್‌ನಿಂದ ಸೂರತ್‌ನತ್ತ ಹೋಗುವಾಗ ಧಾಬಾಗಳ ಮುಂದೆ ಅರ್ಧ ರಸ್ತೆಗೆ ಬಂದು ನಿಂತ ಲಾರಿಗಳು, ತಿರುವು ಹುಡುಕುವ ಬೇಸರಕ್ಕೆ ವಿರುದ್ಧ ದಿಕ್ಕಿನಲ್ಲಿ ಬರುವ ಬೈಕುಗಳು, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ಹಳ್ಳಿಗಳ ಬಳಿ ಛಕಡೋ ಗಾಡಿಗಳು, ಎಮ್ಮೆ ದನಗಳು, ಹೊಲದಿಂದ ಹಾರಿಬರುವ ನೀಲಗಾಯಿಗಳು ಎಲ್ಲವೂ ಎದುರಾಗುತ್ತವೆ. ಭಾದ್ರಪದ ಹುಣ್ಣಿಮೆಗೆ ಅಂಬಾಜಿಗೂ ಫಾಲ್ಗುಣ ಹುಣ್ಣಿಮೆಗೆ ಡಾಕೋರಿಗೂ ಕಾಲ್ನಡಿಗೆಯಲ್ಲಿ ಸಾಗುವ ಭಕ್ತಸಮೂಹ ರಾತ್ರಿಯೂ ರಸ್ತೆಯಂಚಿನಲ್ಲಿರುತ್ತದೆ. ಇವರಲ್ಲಿ ಯಾರನ್ನೂ ಹಿಂಬಾಲಿಸಬೇಕಾದ ವಾಹನವೆಂದು ಕ್ರೂಸ್ ಎಣಿಸುವುದಿಲ್ಲ. ಎದುರಿನಿಂದ ಬರುವ ವಾಹನ ಅದರ ಲೆಕ್ಕಕ್ಕೇ ಬರುವುದಿಲ್ಲ.

ಸ್ವಲ್ಪ ಲೆಕ್ಕ

ಲೆಕ್ಕ ನಮ್ಮ ವೃತ್ತಿಯಾದುದರಿಂದ ಇಲ್ಲೂ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಸುಮಾರು 55 ಮೀಟರ್ ಬೇಕು. ಎಚ್ಚರವಾಗಿದ್ದು, ಕಾಲು ಬ್ರೇಕಿನ ಬಳಿಯೇ ಇದ್ದರೆ ಮುಕ್ಕಾಲು ಸೆಕೆಂಡಿನಲ್ಲಿ ಒತ್ತಬಹುದು. ಅಷ್ಟರಲ್ಲಿ 21 ಮೀಟರ್ ಹೋಗಿರುತ್ತದೆ. ಒಟ್ಟು 76 ಮೀಟರ್. ಕಾಲು ಚಾಚಿ ಕುಳಿತು ಒಂದೂವರೆ ಸೆಕೆಂಡ್ ತಡಮಾಡಿದರೆ ಒಟ್ಟು 97 ಮೀಟರ್.

ಇದೇ 80ರ ವೇಗದಲ್ಲಿ ಎಚ್ಚರವಾಗಿರುವವರಿಗೆ ಬೇಕಾಗುವುದು ಸುಮಾರು 52 ಮೀಟರ್, ಮೈಮರೆತವರಿಗೆ 68 ಮೀಟರ್. ಎದುರಿನ ವ್ಯಾನು ಪಕ್ಕಕ್ಕೆ ಸರಿದಾಗ ನಿಂತ ಲಾರಿ 70 ಮೀಟರ್ ದೂರದಲ್ಲಿ ಕಂಡಿತೆಂದು ಇಟ್ಟುಕೊಳ್ಳಿ. 100ರ ವೇಗದಲ್ಲಿ ಎಚ್ಚರವಾಗಿದ್ದವರಿಗೂ ಬ್ರೇಕೊಂದರಿಂದಲೇ ನಿಲ್ಲಿಸಲು ಸಾಧ್ಯವಿಲ್ಲ, 80ರಲ್ಲಿ ಸಾಧ್ಯವಿದೆ. ಮಳೆಯಲ್ಲಿ ಈ ದೂರಗಳೆಲ್ಲ ಇನ್ನೂ ಬೆಳೆಯುತ್ತವೆ.

ಇನ್ನೊಂದು ಅಂಶ. ಪ್ರಯಾಣಿಕರಿಗೆ ಜಗ್ಗಾಟವಾಗದಂತೆ ಕ್ರೂಸ್ ವ್ಯವಸ್ಥೆ ಮೃದುವಾಗಿಯೇ ಬ್ರೇಕ್ ಹಾಕುತ್ತದೆ. ಹೆದ್ದಾರಿಯ ವೇಗದಲ್ಲಿ ಅದರ ಬಲ ಕಾರಿನ ಪೂರ್ಣ ಬ್ರೇಕಿನ ಅರ್ಧಕ್ಕಿಂತ ಹೆಚ್ಚಿರುವುದಿಲ್ಲವೆಂದು ತಿಳಿದರೆ ತಪ್ಪಾಗದು. ಅದಕ್ಕಿಂತ ಹೆಚ್ಚು ಬೇಕಾದಾಗ ಶಬ್ದ ಮಾಡಿ, ಪರದೆಯಲ್ಲಿ ಕೆಂಪು ಗುರುತು ತೋರಿಸಿ ನಮ್ಮನ್ನು ಕರೆಯುತ್ತದೆ. ಆ ಕರೆ ಬಂದಾಗ ಯೋಚಿಸಲು ಸಮಯವಿರುವುದಿಲ್ಲ.

ನಮೂದಿಸುವವರು, ಪರಿಶೀಲಿಸುವವರು

ಬ್ಯಾಂಕಿನಲ್ಲಿ ಒಂದು ಪದ್ಧತಿಯಿದೆ. ಒಬ್ಬರು ವ್ಯವಹಾರವನ್ನು ನಮೂದಿಸುತ್ತಾರೆ. ಇನ್ನೊಬ್ಬರು ಅದನ್ನು ಪರಿಶೀಲಿಸಿ ಒಪ್ಪಿಗೆ ನೀಡುತ್ತಾರೆ. ಮೇಕರ್, ಚೆಕರ್ ಎಂದು ನಾವು ಕರೆಯುತ್ತೇವೆ. ನಮೂದಿಸುವವರು ಬಹಳ ಸಮರ್ಥರಾಗಿದ್ದರೆ ಪರಿಶೀಲಿಸುವವರಿಗೆ ಒಂದು ರೋಗ ತಗಲುತ್ತದೆ. ನೂರು ಸಲ ಸರಿಯಾಗಿಯೇ ಇತ್ತು, ನೂರೊಂದನೆಯದನ್ನು ನೋಡುವುದೇನೆಂದು ಕಣ್ಣು ಹಾಯಿಸದೆ ಒಪ್ಪಿಗೆ ಕೊಡುತ್ತಾರೆ. ನಾವು ಕಂಡಂತೆ ದೊಡ್ಡ ತಪ್ಪುಗಳು ನುಸುಳುವುದು ಅಲ್ಲಿಯೇ.

ಕ್ರೂಸ್ ಕಂಟ್ರೋಲಿನಲ್ಲಿ ಯಂತ್ರವೇ ಮೇಕರ್, ನಾವು ಚೆಕರ್. ಯಂತ್ರ ಕೆಟ್ಟದ್ದೆಂಬುದು ನಮ್ಮ ಅಭಿಪ್ರಾಯವಲ್ಲ. ಅದು ಬಹಳ ಚೆನ್ನಾಗಿ ಕೆಲಸ ಮಾಡುವುದರಿಂದಲೇ ನಮ್ಮ ಕಣ್ಣು ಜಾರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವ್ಯವಸ್ಥೆಯನ್ನು ಬಳಸುವಾಗ ಚಾಲಕರು ವೇಗದ ಮಿತಿಯನ್ನು ಮೀರುವ ಸಂಭವ ಹೆಚ್ಚು. ವಿಶ್ರಾಂತಿ ಸಿಗಬೇಕಾದುದು ಕಾಲಿಗೆ. ಅದು ಕಣ್ಣಿಗೂ ಮನಸ್ಸಿಗೂ ಹರಡಿದರೆ ಸೌಲಭ್ಯವೇ ಸಂಕಟವಾಗುತ್ತದೆ.

ಬಳಸುವ ಕ್ರಮ

ಅನುಭವದಿಂದಲೂ ಕೈಪಿಡಿಯಿಂದಲೂ ನಾವು ಕಲಿತುಕೊಂಡ ಕ್ರಮವನ್ನು ಇಲ್ಲಿ ನಿವೇದಿಸುತ್ತೇವೆ.

ವೇಗ: ರಸ್ತೆಯ ಫಲಕದಲ್ಲಿರುವ ಮಿತಿಯೇ ಮೇಲಿನ ಗೆರೆ. ನಾವಂತೂ ಈಗ 80ಕ್ಕೆ ಹೊಂದಿಸುತ್ತೇವೆ. ಎದುರಿನ ವಾಹನ ಸರಿದಾಗ ಕಾರು ಯಾವ ವೇಗಕ್ಕೆ ಏರಲು ಯತ್ನಿಸುತ್ತದೆ ಎಂಬುದನ್ನು ನಿರ್ಧರಿಸುವುದು ಈ ಸಂಖ್ಯೆಯೇ.

ಅಂತರ: ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಹಂತಗಳಿರುತ್ತವೆ. ಅತಿ ಹೆಚ್ಚಿನ ಅಂತರವನ್ನೇ ಆರಿಸಬೇಕು. ನಡುವೆ ಬೇರೆಯವರು ನುಗ್ಗುತ್ತಾರೆಂಬುದು ನಿಜ. ನುಗ್ಗಲಿ, ಕಾರು ತಾನೇ ಹಿಂದೆ ಸರಿದು ಮತ್ತೆ ಅಂತರ ಮಾಡಿಕೊಳ್ಳುತ್ತದೆ. ಆದರೆ ಮೂತಿಯ ಬಳಿಯೇ ಕೊರೆದುಕೊಂಡು ಬರುವ ವಾಹನವನ್ನು ಅದು ತಡವಾಗಿ ಗಮನಿಸಬಹುದು. ಆಗ ಬ್ರೇಕ್ ನಮ್ಮದೇ.

ಕಾಲು: ನೆಲಕ್ಕೆ ಚಾಚಬಾರದು. ಬ್ರೇಕಿನ ಮುಂದೆ, ಅದನ್ನು ಮುಟ್ಟದಂತೆ ಇರಿಸಿಕೊಳ್ಳಬೇಕು. ಬ್ರೇಕ್ ಮುಟ್ಟಿದ ಕೂಡಲೇ ಕ್ರೂಸ್ ರದ್ದಾಗುತ್ತದೆ. ಆಕ್ಸಿಲರೇಟರಿನ ಮೇಲೆ ಕಾಲನ್ನು ಭಾರವಾಗಿ ಇರಿಸಿದ್ದರೆ ಚಾಲಕನ ಇಚ್ಛೆಯೇ ಮೇಲೆಂದು ತಿಳಿದು ವ್ಯವಸ್ಥೆ ಬ್ರೇಕ್ ಹಾಕುವುದಿಲ್ಲ ಎಂಬುದೂ ನೆನಪಿರಲಿ.

ದೃಷ್ಟಿ: ಎದುರಿನ ವಾಹನದ ಬೆನ್ನನ್ನಷ್ಟೇ ನೋಡದೆ, ಅದರಾಚೆಯ ವಾಹನವನ್ನೂ ನೋಡಬೇಕು. ಎದುರಿಗೆ ದೊಡ್ಡ ಲಾರಿಯಿದ್ದು ಆಚೆಯದು ಕಾಣದಿದ್ದರೆ ಅಂತರವನ್ನು ಇನ್ನೂ ಹೆಚ್ಚಿಸಬೇಕು. ಮುಂದಿನ ವಾಹನ ಪಥ ಬದಲಿಸಿದರೆ, ಅದು ಏಕೆ ಬದಲಿಸಿತೆಂಬ ಪ್ರಶ್ನೆ ಮೊದಲು ಮನಸ್ಸಿಗೆ ಬರಬೇಕು. ಉತ್ತರ ದೊರೆಯುವವರೆಗೆ ಕಾಲು ಬ್ರೇಕಿನ ಮೇಲಿರಲಿ.

ಪುನರಾರಂಭದ ಗುಂಡಿ: ಟೋಲ್ ನಾಕೆ ದಾಟಿದ ಮೇಲೆ ಈ ಗುಂಡಿಯನ್ನು ಒತ್ತಿದರೆ ಕಾರು ಹಿಂದೆ ಹೊಂದಿಸಿದ್ದ ವೇಗಕ್ಕೇ ನೆಗೆಯುತ್ತದೆ. ಹಿಂದಿನ ಸಂಖ್ಯೆ ಎಷ್ಟಿತ್ತೆಂದು ನೋಡದೆ ಒತ್ತಬಾರದು. ಕೆಲವು ಕಾರುಗಳಲ್ಲಿ ವೇಗ ಒಂದು ಮಿತಿಗಿಂತ ಕೆಳಗಿಳಿದರೆ ವ್ಯವಸ್ಥೆ ಸದ್ದು ಮಾಡಿ ತಾನೇ ಬಿಟ್ಟುಕೊಡುತ್ತದೆ. ನಿಮ್ಮ ಕಾರು ಎಂಥದೆಂಬುದನ್ನು ತಿಳಿದಿರಬೇಕು.

ಎಲ್ಲಿ ಬೇಡ?

ನಗರದೊಳಗೆ ಬೇಡ. ಅಹಮದಾಬಾದಿನ ಎಸ್.ಜಿ. ಹೆದ್ದಾರಿಯಾಗಲಿ, ಸೂರತ್‌ನ ಹೊರವಲಯದ ಕಾಮರೇಜ್, ಕಡೋದರಾಗಳ ದಟ್ಟಣೆಯಾಗಲಿ ಇದಕ್ಕೆ ತಕ್ಕ ಸ್ಥಳಗಳಲ್ಲ. ಟೋಲ್ ನಾಕೆ, ರಸ್ತೆ ಕಾಮಗಾರಿ, ತಿರುವು ಮಾರ್ಗ ಕಂಡಕೂಡಲೇ ರದ್ದು ಮಾಡಬೇಕು. ದಕ್ಷಿಣ ಗುಜರಾತಿನ ಮುಂಗಾರಿನಲ್ಲಿ, ಚಳಿಗಾಲದ ಮುಂಜಾವಿನ ಮಂಜಿನಲ್ಲಿ ಬಳಸಬಾರದು. ಜೋರುಮಳೆಯಲ್ಲಿ ಕ್ಯಾಮೆರಾ ಮಂಕಾಗುತ್ತದೆ. ನೀರು ನಿಂತ ರಸ್ತೆಯಲ್ಲಿ ಚಕ್ರ ಹಿಡಿತ ತಪ್ಪುವಾಗ ವೇಗವನ್ನು ಉಳಿಸಿಕೊಳ್ಳಲು ಯತ್ನಿಸುವ ಯಂತ್ರ ನಮಗೆ ಬೇಡ.

ಪುಣೆ ಸಾತಾರಾಗಳ ನಡುವಿನ ಖಂಬಾಟಕಿ ಘಾಟಿಯಂಥ ತಿರುವುಗಳಲ್ಲಿಯೂ ಬೇಡ. ತಿರುವಿನಲ್ಲಿ ಎದುರಿನ ವಾಹನ ರಾಡಾರಿನ ನೋಟದಿಂದ ಜಾರಿದರೆ ದಾರಿ ತೆರವಾಯಿತೆಂದು ಕಾರು ವೇಗ ಹೆಚ್ಚಿಸುತ್ತದೆ; ಇಲ್ಲವೇ ಪಕ್ಕದ ಪಥದ ಲಾರಿಯನ್ನು ಎದುರಿನದೆಂದು ಭ್ರಮಿಸಿ ಸುಮ್ಮನೆ ಬ್ರೇಕ್ ಹಾಕುತ್ತದೆ. ವಿಭಜಕವಿಲ್ಲದ ರಸ್ತೆಗಳಲ್ಲಂತೂ ಸರ್ವಥಾ ಬೇಡ. ಬಹುಕಾಲ ಎರಡೇ ಪಥಗಳಿದ್ದ ಹುಬ್ಬಳ್ಳಿ-ಧಾರವಾಡ ಬೈಪಾಸ್ ಎದುರುಬದುರು ಡಿಕ್ಕಿಗಳಿಗೆ ಕುಖ್ಯಾತವಾಗಿತ್ತೆಂಬುದನ್ನು ಆ ಕಡೆಯ ಓದುಗರು ಬಲ್ಲರು. ಹೆದ್ದಾರಿ ಬಿಟ್ಟು ತಮ್ಮ ಹಳ್ಳಿಯ ದಾರಿ ಹಿಡಿದಕೂಡಲೇ ಕ್ರೂಸಿಗೆ ವಿದಾಯ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಿದ್ದೆ ಬಂದಾಗ ಬೇಡ. ಆಯಾಸವಾದಾಗಲೇ ಇದನ್ನು ಬಳಸೋಣವೆನ್ನಿಸುವುದು ಸಹಜ. ಆದರೆ ಕಾಲಿಗೆ ಕೆಲಸವಿಲ್ಲದಾಗ ನಿದ್ದೆ ಇನ್ನೂ ಬೇಗ ಆವರಿಸುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿದು ನಡೆದಾಡಿ, ಚಹಾ ಕುಡಿದು ಹೊರಡುವುದೇ ಮದ್ದು.

ಪೂಜೆ, ಸ್ಟಿಕ್ಕರ್, ಫಾಸ್ಟ್ಯಾಗ್

ಆಯುಧಪೂಜೆಯಂದು ಕಾರಿನ ಮೂತಿಗೆ ಗಂಧ ಕುಂಕುಮವಿಟ್ಟು, ಲಾಂಛನದ ಮೇಲೆ ಚೆಂಡುಹೂವಿನ ಹಾರ ಹಾಕುವುದು ನಮ್ಮ ಸಂಪ್ರದಾಯ. ಅವಶ್ಯವಾಗಿ ಮಾಡೋಣ. ಆದರೆ ರಾಡಾರ್ ಇರುವುದೂ ಬಹುಮಟ್ಟಿಗೆ ಅಲ್ಲಿಯೇ. ಹಾರವೂ ಮಾವಿನ ತೋರಣವೂ ಅಡ್ಡಬಂದರೆ ವ್ಯವಸ್ಥೆ ಕುರುಡಾಗಬಹುದು. ಪೂಜೆ ಮುಗಿದು ಪ್ರಯಾಣಕ್ಕೆ ಹೊರಡುವ ಮುನ್ನ ಹಾರ ತೆಗೆದು, ಆ ಭಾಗವನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಸರು, ಧೂಳು, ಕೀಟಗಳನ್ನೂ ಹಾಗೆಯೇ. ಮುಂಭಾಗದ ಗಾಜಿನ ಮೇಲೆ ದೇವರ ಸ್ಟಿಕ್ಕರಾಗಲಿ ಫಾಸ್ಟ್ಯಾಗಾಗಲಿ ಕ್ಯಾಮೆರಾದ ನೋಟಕ್ಕೆ ಅಡ್ಡ ಬರದಂತೆ ಅಂಟಿಸಬೇಕು. ಬಂಪರಿಗೆ ಪೆಟ್ಟು ಬಿದ್ದರೆ ಅಥವಾ ಗಾಜು ಬದಲಿಸಿದರೆ, ರಾಡಾರ್ ಕ್ಯಾಮೆರಾಗಳ ದಿಕ್ಕನ್ನು ಮತ್ತೆ ಸರಿಹೊಂದಿಸಿದ್ದಾರೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ ತಿಳಿಯಬೇಕು. ದಿಕ್ಕು ಸ್ವಲ್ಪ ತಪ್ಪಿದರೂ ದೂರದಲ್ಲಿ ಅದು ಪಕ್ಕದ ಪಥವನ್ನೇ ನೋಡುತ್ತಿರುತ್ತದೆ.

ಇನ್ನು ಸೀಟ್ ಬೆಲ್ಟ್. 2022ರ ಸೆಪ್ಟೆಂಬರ್ 4ರಂದು ಗುಜರಾತಿನ ಉದ್ವಾಡಾದಿಂದ ಮುಂಬಯಿಯತ್ತ ಇದೇ ಹೆದ್ದಾರಿಯಲ್ಲಿ ಸಾಗುತ್ತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರ ಕಾರು ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ ಸೇತುವೆಯ ತಡೆಗೆ ಡಿಕ್ಕಿ ಹೊಡೆಯಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದ ಅವರೂ ಇನ್ನೊಬ್ಬರೂ ತೀರಿಕೊಂಡರು. ಮುಂದಿನ ಸೀಟಿನವರಿಬ್ಬರು ಗಾಯಗೊಂಡರೂ ಬದುಕುಳಿದರು. ಎಂಥ ಯಂತ್ರವಿದ್ದರೂ ಹಿಂದೆ ಕುಳಿತ ಅಜ್ಜಿ, ಮಕ್ಕಳು, ಎಲ್ಲರೂ ಬೆಲ್ಟ್ ಧರಿಸುವವರೆಗೆ ಕಾರು ಹೊರಡಕೂಡದು.

ನಮ್ಮ ಕಾರೇ ದಾರಿಯಲ್ಲಿ ಕೆಟ್ಟು ನಿಂತರೆ ಬೇರೆಯವರ ಯಂತ್ರಕ್ಕೆ ನಾವೇ ಕಾಣದ ಲಾರಿಯಾಗುತ್ತೇವೆ. ಸಾಧ್ಯವಾದಷ್ಟು ಎಡಕ್ಕೆ, ರಸ್ತೆಯ ಹೊರಕ್ಕೆ ತಂದು, ನಾಲ್ಕೂ ಸೂಚಕ ದೀಪಗಳನ್ನು ಹೊತ್ತಿಸಿ, ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇರಿಸಿ, ಮನೆಯವರನ್ನೆಲ್ಲ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಸೇವೆ 112, ಆಂಬುಲೆನ್ಸ್ 108.

ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಒಂದು ನಿಯಮವಾಗಿದೆ. ಕ್ರೂಸ್ ಹಾಕಿದಾಗ, "ಹಾಕಿದ್ದೇನೆ" ಎಂದು ಗಟ್ಟಿಯಾಗಿ ಹೇಳುವುದು. ಪಕ್ಕದಲ್ಲಿ ಕುಳಿತವರು ಆಗ ಮೊಬೈಲ್ ಕೆಳಗಿಟ್ಟು ರಸ್ತೆಯನ್ನು ನೋಡುವುದು. ಹಾಗಾಗಿ ಈಗ ನಮ್ಮ ಕಾರಿನಲ್ಲಿ ಪರಿಶೀಲಿಸುವವರು ಇಬ್ಬರು. ಈ ಬೇಸಿಗೆಯಲ್ಲಿ ಹೀಗೆಯೇ ಊರಿಗೆ ಹೋಗಿ ಬಂದೆವು. ಹಿಂದಿಗಿಂತ ಎರಡು ಗಂಟೆ ತಡವಾಯಿತು. ಜಗಲಿಯ ಮೇಲೆ ಕಾದು ಕುಳಿತಿದ್ದ ಅಮ್ಮ ತಡವೇಕಾಯಿತೆಂದು ಕೇಳಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಬನ್ನಿ ಎಂದರು. ರಜೆಗೆ ಊರಿಗೆ ಹೊರಡುವ ಎಲ್ಲ ಬಂಧುಗಳಿಗೂ ಅಂಥದೇ ಸುಖಕರ ಆಗಮನ ದೊರೆಯಲೆಂದು ಹಾರೈಸುತ್ತೇವೆ.